ಸಾಮಾಜಿಕ ಸುವಾರ್ತೆ ಮತ್ತು ಕೆನಡಾದ ಆರೋಗ್ಯ ವಿಮೆ

ಕೆನಡಾದ ಸಾರ್ವತ್ರಿಕ ಆರೋಗ್ಯ ವಿಮೆಗೆ ‘ಮೆಡಿಕೇರ್’ ಎಂದು ಹೆಸರು. ಆಸ್ಪತ್ರೆಯ ಖರ್ಚು, ವೈದ್ಯರ ಶುಲ್ಕ ಎರಡನ್ನೂ ಸರ್ಕಾರವೇ ಭರಿಸುವ ಈ ವ್ಯವಸ್ಥೆಗೆ ರಾಜಕೀಯ ಬಲ ತಂದವರಲ್ಲಿ ಹಲವರು ಚರ್ಚಿನ ವೇದಿಕೆಯಿಂದ ಬಂದವರು.

ರೋಗಿಯ ಆರೈಕೆ ಅಲ್ಲಿನ ಧರ್ಮಸಂಸ್ಥೆಗಳಿಗೆ ಹೊಸದಲ್ಲ. 1639ರಲ್ಲೇ ಅಗಸ್ಟೀನಿಯನ್ ಕನ್ಯಾಸ್ತ್ರೀಯರು ಕ್ವಿಬೆಕ್‌ಗೆ ಬಂದು ಆಸ್ಪತ್ರೆ ತೆರೆದಿದ್ದರು. ಆದರೆ ಅದು ದಾನ. ಕೊಡುವವರು ಇದ್ದರೆ ಉಂಟು. ದಾನದ ಜಾಗದಲ್ಲಿ ಹಕ್ಕನ್ನು ತಂದು ನಿಲ್ಲಿಸಿದ್ದು 19ನೆಯ ಶತಮಾನದ ಕೊನೆಗೆ ಉತ್ತರ ಅಮೆರಿಕದ ಪ್ರಾಟೆಸ್ಟಂಟರಲ್ಲಿ ಹಬ್ಬಿದ ‘ಸಾಮಾಜಿಕ ಸುವಾರ್ತೆ’. ಪಾಪ ಮನುಷ್ಯನ ಒಳಗಷ್ಟೇ ಇಲ್ಲ, ಕೊಳೆಗೇರಿಯಲ್ಲೂ ಕಡಿಮೆ ಕೂಲಿಯಲ್ಲೂ ಇದೆ, ಅದನ್ನು ತೊಳೆಯುವುದೂ ದೇವರ ಕೆಲಸವೇ ಎಂಬುದು ಅದರ ತಿರುಳು. ವಿನ್ನಿಪೆಗ್‌ನ ವಲಸೆಗಾರರ ಕೇರಿಗಳಲ್ಲಿ ದುಡಿದ ಮೆಥಡಿಸ್ಟ್ ಪಾದ್ರಿ ಜೆ. ಎಸ್. ವುಡ್ಸ್‌ವರ್ತ್ 1918ರಲ್ಲಿ ಪಾದ್ರಿಗಿರಿ ಬಿಟ್ಟರು. 1932ರಲ್ಲಿ ಹುಟ್ಟಿದ ಸಮಾಜವಾದಿ ಪಕ್ಷ ಸಿಸಿಎಫ್‌ನ ಮೊದಲ ನಾಯಕರಾದರು.

ಅದೇ ವಿನ್ನಿಪೆಗ್‌ನಲ್ಲಿ, ಸ್ಕಾಟ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದ ಹುಡುಗನೊಬ್ಬನಿಗೆ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ಕಾಲು ಕತ್ತರಿಸುವುದೆಂದು ಆಗಿತ್ತು. ವಿದ್ಯಾರ್ಥಿಗಳು ನೋಡಿ ಕಲಿಯಲು ಮನೆಯವರು ಒಪ್ಪಿದರೆ ಹಣವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವೆನೆಂದು ಒಬ್ಬ ತಜ್ಞ ಮುಂದೆ ಬಂದದ್ದರಿಂದ ಕಾಲು ಉಳಿಯಿತು. ಆ ಹುಡುಗನೇ ಟಾಮಿ ಡಗ್ಲಸ್. ಒಬ್ಬ ವೈದ್ಯರ ಕಣ್ಣಿಗೆ ಬಿದ್ದ ಮಾತ್ರಕ್ಕೆ ತನ್ನ ಕಾಲು ಉಳಿಯಿತಲ್ಲ, ಕಣ್ಣಿಗೆ ಬೀಳದ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1930ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ ವೇಬರ್ನ್‌ನಲ್ಲಿ ಬ್ಯಾಪ್ಟಿಸ್ಟ್ ಸಭಾಪಾಲಕರಾದರು. ಬರಗಾಲದ ಆ ವರ್ಷಗಳಲ್ಲಿ ಚಿಕಿತ್ಸೆ ಸಿಗದೆ ಸತ್ತವರ ಅಂತ್ಯಕ್ರಿಯೆಯನ್ನೂ ನಡೆಸಬೇಕಾಯಿತು.

ಸಿಸಿಎಫ್ ಪಕ್ಷ ಸೇರಿ 1944ರಲ್ಲಿ ಪ್ರಾಂತ್ಯದ ಮುಖ್ಯಸ್ಥರಾದ ಡಗ್ಲಸ್ ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡರು. 1947ರ ಜನವರಿ 1ರಂದು ಎಲ್ಲರಿಗೂ ಆಸ್ಪತ್ರೆ ವಿಮೆ ಜಾರಿಗೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್ ಕಂತು. ವೈದ್ಯರ ಶುಲ್ಕವನ್ನೂ ಸೇರಿಸಿದ ಕಾನೂನು 1961ರಲ್ಲಿ ಬಂದಾಗ ಕಾಳಗ ಶುರುವಾಯಿತು. ಅಷ್ಟರಲ್ಲಿ ಡಗ್ಲಸ್ ರಾಷ್ಟ್ರ ರಾಜಕಾರಣಕ್ಕೆ ಹೋಗಿದ್ದರು. ಹೊರೆ ಅವರ ನಂತರ ಪ್ರಾಂತ್ಯದ ಮುಖ್ಯಸ್ಥರಾದ ವುಡ್ರೊ ಲಾಯ್ಡ್ ಅವರ ಹೆಗಲಿಗೆ ಬಿತ್ತು. 1962ರ ಜುಲೈ 1ರಂದು ಯೋಜನೆ ಜಾರಿಯಾದ ದಿನವೇ ಬಹುಪಾಲು ವೈದ್ಯರು ಕೆಲಸ ನಿಲ್ಲಿಸಿದರು.

ಧರ್ಮ ಒಂದೇ ಪಕ್ಷದಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಯೋಜನೆಯ ವಿರುದ್ಧ ಉಗ್ರವಾಗಿ ಭಾಷಣ ಮಾಡಿದ ಕ್ಯಾಥೊಲಿಕ್ ಪಾದ್ರಿ ಆಥೋಲ್ ಮರ್ರಿ ಬಡವರ ಶತ್ರುವೇನಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಶಾಲೆಯ ಶುಲ್ಕಕ್ಕೆ ಬದಲು ದವಸಧಾನ್ಯ ಪಡೆದು ಹುಡುಗರನ್ನು ಓದಿಸಿದವರು. ಅವರಿಗೆ ಭಯವಿದ್ದದ್ದು ಸರ್ಕಾರದ ಬಿಗಿಹಿಡಿತದ ಬಗ್ಗೆ. ವೈದ್ಯರ ಮುಷ್ಕರ ಶುರುವಾಗಿ 23 ದಿನಗಳ ಬಳಿಕ ಸಸ್ಕಟೂನ್‌ನಲ್ಲಿ ಒಪ್ಪಂದವಾಯಿತು: ವೈದ್ಯರು ಸರ್ಕಾರಿ ನೌಕರರಾಗಲಿಲ್ಲ, ಯೋಜನೆಯೂ ಉಳಿಯಿತು.

ಇದನ್ನು ದೇಶಕ್ಕೆಲ್ಲ ವಿಸ್ತರಿಸಲು 1964ರಲ್ಲಿ ಶಿಫಾರಸು ಮಾಡಿದ ನ್ಯಾಯಮೂರ್ತಿ ಎಮೆಟ್ ಹಾಲ್ ಕೂಡ ಕ್ಯಾಥೊಲಿಕರೇ. 1966ರಲ್ಲಿ ರಾಷ್ಟ್ರೀಯ ಕಾನೂನು ತಂದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಮೆಥಡಿಸ್ಟ್ ಪಾದ್ರಿಯ ಮಗ. 1972ರ ವೇಳೆಗೆ ಎಲ್ಲ ಪ್ರಾಂತ್ಯಗಳೂ ಸೇರಿದವು. ಮುಂದೆ ಕೆಲವೆಡೆ ವೈದ್ಯರು ರೋಗಿಗಳಿಂದ ಮೇಲುಹಣ ಕೇಳತೊಡಗಿದಾಗ ಸಂಸತ್ತು 1984ರಲ್ಲಿ ಕೆನಡಾ ಆರೋಗ್ಯ ಕಾಯ್ದೆಯನ್ನು ಒಮ್ಮತದಿಂದ ಅಂಗೀಕರಿಸಿತು. ರೋಗಿಯಿಂದ ಹಾಗೆ ವಸೂಲಾದ ಪ್ರತಿ ಡಾಲರಿಗೂ ಆ ಪ್ರಾಂತ್ಯದ ಅನುದಾನದಲ್ಲಿ ಒಂದು ಡಾಲರ್ ಕಡಿತ.