ಕಾಲರಾ, ಕಾಲರೇ: ಇವು ಎರಡು ಬೇರೆ ಬೇರೆ ರೋಗಗಳೇ?

ಊರಲ್ಲಿ ವಾಂತಿಭೇದಿ ಶುರುವಾದರೆ ಲ್ಯಾಬ್ ರಿಪೋರ್ಟ್‌ನ ಫೋಟೋಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡತೊಡಗುತ್ತವೆ. ಅದರಲ್ಲಿ ‘ವಿಬ್ರಿಯೊ ಕಾಲರೇ’ ಎಂದಿದ್ದರೆ, ಇದು ಕಾಲರಾ ಅಲ್ಲವೇ, ಹೊಸ ರೋಗವೇ ಎಂಬ ಅನುಮಾನ ಬರಬಹುದು.

ಹೊಸ ರೋಗವಲ್ಲ. ‘ಕಾಲರಾ’ ರೋಗದ ಹೆಸರು. ‘ವಿಬ್ರಿಯೊ ಕಾಲರೇ’ ಅದನ್ನು ತರುವ ಬ್ಯಾಕ್ಟೀರಿಯಾದ ಹೆಸರು. ಕೊನೆಯ ಅಕ್ಷರ ಬದಲಾಗಿರುವುದು ವ್ಯಾಕರಣದಿಂದ.

ಪದ ಎಲ್ಲಿಯದು?

ಮೂಲ ಗ್ರೀಕ್. ಅಲ್ಲಿಂದ ಲ್ಯಾಟಿನ್‌ಗೆ ಹೋಯಿತು. ಹಳೆಯ ವೈದ್ಯರು ಜೋರಾದ ವಾಂತಿಭೇದಿಗೆಲ್ಲ ಇದೇ ಪದ ಬಳಸುತ್ತಿದ್ದರು.

ರೂಪ ಏಕೆ ಬದಲಾಗುತ್ತದೆ?

ನಾವು ‘ಮನೆ, ಮನೆಯ, ಮನೆಯನ್ನು’ ಎನ್ನುವಂತೆ ಲ್ಯಾಟಿನ್‌ನಲ್ಲೂ ವಿಭಕ್ತಿಗಳಿವೆ:

- ಕಾಲರಾ: ಕಾಲರಾ
- ಕಾಲರೇ: ಕಾಲರಾದ
- ಕಾಲರಮ್: ಕಾಲರಾವನ್ನು

ಹಾಗಾಗಿ ‘ವಿಬ್ರಿಯೊ ಕಾಲರೇ’ ಎಂದರೆ ‘ಕಾಲರಾದ ವಿಬ್ರಿಯೊ’. ಕುಷ್ಠರೋಗದ ‘ಮೈಕೊಬ್ಯಾಕ್ಟೀರಿಯಂ ಲೆಪ್ರೇ’ಯಲ್ಲೂ ಇದೇ ನಿಯಮ: ಲೆಪ್ರಾ ರೋಗ, ಲೆಪ್ರೇ ಎಂದರೆ ಆ ರೋಗದ. ಕಾಲರಾ ರೋಗಾಣುವನ್ನು ಇಟಲಿಯ ಫಿಲಿಪ್ಪೊ ಪಚಿನಿ 1854ರಲ್ಲೇ ಗುರುತಿಸಿದ್ದರು. ರಾಬರ್ಟ್ ಕಾಖ್ 1884ರಲ್ಲಿ ಕೋಲ್ಕತ್ತದಲ್ಲಿ ಅದನ್ನು ಪ್ರತ್ಯೇಕಿಸಿದರು.

ನಮಗೇಕೆ ಇದು ಮುಖ್ಯ?

ಕಾಲರಾ ಹರಡುವುದು ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದಿಂದ. 2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಸಾವೂ ಸಂಭವಿಸಿತು. ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಯಂಥ ಕಡೆ ಲಕ್ಷಾಂತರ ಜನ ಸೇರುವಾಗ ನೀರಿನ ಬಗ್ಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಹಾಗೆಂದು ಎಲ್ಲ ವಾಂತಿಭೇದಿಯೂ ಕಾಲರಾ ಅಲ್ಲ. ಖಚಿತವಾಗಲು ಮಲ ಪರೀಕ್ಷೆ ಬೇಕು.

ಆದರೆ ರಿಪೋರ್ಟ್ ಬರುವವರೆಗೆ ಕಾಯಬೇಡಿ. ತೀವ್ರ ಕಾಲರಾದಲ್ಲಿ ದೇಹದ ನೀರು ಬರಿದಾಗಿ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ಏನು ಮಾಡಬೇಕು?

- ಒಂದು ಲೀಟರ್‌ನ ಓಆರ್‌ಎಸ್ ಪ್ಯಾಕೆಟ್ ಅನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ.
- ಪ್ಯಾಕೆಟ್ ಇಲ್ಲವೇ? ಒಂದು ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.
- ಅಕ್ಕಿ ತೊಳೆದ ನೀರಿನಂಥ ಭೇದಿ, ಗುಳಿಬಿದ್ದ ಕಣ್ಣು, ಮೂತ್ರ ನಿಲ್ಲುವುದು, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲೂ ಎಚ್ಚರವಿದ್ದರೆ ಓಆರ್‌ಎಸ್ ಕೊಡುತ್ತಿರಿ.
- ಆ್ಯಂಟಿಬಯಾಟಿಕ್ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

ಬೈಲಹೊಂಗಲವಿರಲಿ, ಕಿತ್ತೂರಿರಲಿ, ನಿಮ್ಮ ಗ್ರೂಪಿಗೆ ಇಂಥ ರಿಪೋರ್ಟ್ ಬಂದರೆ ರೋಗಿಯ ಹೆಸರಿರುವ ಫೋಟೋ ಮುಂದಕ್ಕೆ ಕಳಿಸಬೇಡಿ. ಓಆರ್‌ಎಸ್ ಮಾಡುವ ವಿಧಾನ ಕಳಿಸಿ.