ಕಂಚಿನ ಕವಚ ಮತ್ತು ಆತಕೂರಿನ ಕಾಳಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ, ಬಿ.ಇ. ಓದಿ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಾನು ಏನು ಬರೆಯಲಿ ಎಂದು ಹಿಂಜರಿದೆ. ಆಮೇಲೆ ಇಟಲಿಯ ಒಂದು ಭಾನುವಾರ ನೆನಪಾಯಿತು.

ಕಂಪನಿ ಕೆಲಸಕ್ಕೆಂದು ಹೋಗಿದ್ದೆ. ಕಿಯೇತಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಎರಡು ಮೀಟರಿಗೂ ಎತ್ತರದ ಕಲ್ಲಿನ ಯೋಧನೊಬ್ಬ ನಿಂತಿದ್ದಾನೆ. ಕ್ರಿ.ಪೂ. 6ನೇ ಶತಮಾನದವನು, 1934ರಲ್ಲಿ ಕಪೆಸ್ತ್ರಾನೊ ಗ್ರಾಮದ ಹೊಲದಲ್ಲಿ ಸಿಕ್ಕವನು. ತಲೆಯ ಮೇಲೆ ಮೊರದಗಲದ ಟೋಪಿ. ಎದೆಯ ಮೇಲೆ ನಮ್ಮ ದೇವಸ್ಥಾನದ ಜಾಗಟೆಯಂಥ ದುಂಡು ಬಿಲ್ಲೆ, ಬೆನ್ನಿಗೆ ಇನ್ನೊಂದು, ಎರಡನ್ನೂ ಹಿಡಿದಿರುವ ಪಟ್ಟಿಗಳು. ಅಪೆನ್ನೈನ್ ಬೆಟ್ಟಗಾಡಿನ ಬುಡಕಟ್ಟಿನವರು ಇಂಥ ಬಿಲ್ಲೆಗಳನ್ನು ಲೋಹದಲ್ಲಿ ಮಾಡಿಸಿ ತೊಡುತ್ತಿದ್ದರು. ಮೈಯೆಲ್ಲ ಮುಚ್ಚಲು ಕಂಚು ದುಬಾರಿ, ಬೆಟ್ಟ ಹತ್ತಲು ಭಾರ ಬೇರೆ. ಗುಂಡಿಗೆಯನ್ನಾದರೂ ಕಾಪಾಡಿಕೊಳ್ಳೋಣ ಎಂದುಕೊಂಡಿರಬೇಕು. ಮುಂದೆ ಅದೇ ಬೆಟ್ಟಸಾಲಿನ ಸ್ಯಾಮ್ನೈಟರು ಮೇಲೆ ಎರಡು, ಕೆಳಗೆ ಒಂದು ಎಂದು ಮೂರು ಬಿಲ್ಲೆಗಳ ಕವಚ ತೊಟ್ಟರು. ಕ್ರಿ.ಪೂ. 321ರಲ್ಲಿ ರೋಮಿನ ಸೈನ್ಯವನ್ನು ಕಣಿವೆಯಲ್ಲಿ ಸಿಕ್ಕಿಸಿ, ನೊಗದ ಕೆಳಗೆ ತಲೆ ತಗ್ಗಿಸಿ ನಡೆಸಿದವರು ಇವರೇ.

"ನಿಮ್ಮೂರಲ್ಲಿ ಏನಿದೆ?" ಎಂದು ಜೊತೆಗಿದ್ದ ಇಟಲಿಯವನು ಕೇಳಿದ. "ವಡೆ" ಅಂದೆ. ಅವನು ನಕ್ಕ, ನಾನೂ ನಕ್ಕೆ. ರೂಮಿಗೆ ಬಂದಮೇಲೆ ನಾಚಿಕೆಯಾಯಿತು.

ಊರಿಗೆ ಮರಳಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಎಂಟು ವರ್ಷ ಅದರ ಮುಂದೆಯೇ ಬೈಕಿನಲ್ಲಿ ಓಡಾಡಿದವನು, ಒಳಗೆ ಕಾಲಿಟ್ಟದ್ದು ಅಂದೇ. ಹುಡುಕಿದ್ದು ಕವಚವನ್ನು. ಜೋಡು, ವಜ್ರಾಂಗಿ ಎಂಬ ಮಾತುಗಳು ನಮ್ಮ ಭಾಷೆಯಲ್ಲಿವೆ, ಅಂದರೆ ತೊಡುವವರೂ ಇದ್ದರು. ಆದರೆ ನಾನು ಕಂಡಿರುವ ವೀರಗಲ್ಲುಗಳಲ್ಲಿ ಸಾಮಾನ್ಯ ಯೋಧನ ಎದೆ ಬರಿದು.

ಅಲ್ಲಿ ಸಿಕ್ಕಿದ್ದು ನಮ್ಮ ತಾಲ್ಲೂಕಿನ ಆತಕೂರಿನ ಕಲ್ಲು. ಇಂದಿನ ಆತಗೂರು. ಶಕ 872, ಅಂದರೆ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆ ಹೋರಾಡಿದವನು ಮಣಲೆರ. ಮೆಚ್ಚಿದೆ, ಬೇಡು ಎಂದ ದೊರೆಯನ್ನು ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಕತ್ತಿ ತೊಳೆದ ಉಡುಗೊರೆ, ಬಾಳ್ಗಚ್ಚು, ಎಂದು ಆತಕೂರು ಹನ್ನೆರಡೂ ಅವನಿಗೆ ಸಿಕ್ಕಿತು. ಆದರೂ ಕಲ್ಲು ನಿಂತದ್ದು ಕಾಳಿಗೆ. ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಎರಡೂ ಇನ್ನೂ ಕಾದಾಡುತ್ತಿವೆ. ಮಣಲೆರ ಅದನ್ನು ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದ.

ಆತಗೂರಿನಿಂದ ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದ ಗೆಳೆಯನಿಗೆ ಫೋಟೊ ಕಳಿಸಿದೆ. "ನಮ್ಮೂರ ಕಲ್ಲಾ? ಯಾರೂ ಹೇಳ್ನೇ ಇಲ್ವಲ್ಲೋ" ಅಂದ. ಮ್ಯೂಸಿಯಮ್ಮಿನಲ್ಲಿ ಈಗ ಗೊರವನೂ ಇಲ್ಲ, ಹೂವೂ ಇಲ್ಲ.

ಈ ಸಲದ ಪ್ರವಾಸಕ್ಕೆ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆತರುವುದಾದರೆ ಬಸ್ಸಿನ ಖರ್ಚು ನನ್ನದು ಎಂದು ಮೇಷ್ಟ್ರಿಗೆ ಹೇಳಿದ್ದೇನೆ. ವಡೆ ತರುತ್ತೇನೆಂದು ಗೆಳೆಯ ಒಪ್ಪಿಕೊಂಡಿದ್ದಾನೆ.