ಶೌಚಾಲಯದಿಂದ ಶುರುವಾದ ಸೇವೆ

ವಾರಕ್ಕೊಂದು ಮೀಟಿಂಗು, ಊಟ, ಆಮೇಲೆ ಕಣ್ಣಿನ ಕ್ಯಾಂಪಿನ ಲೆಕ್ಕ. ರೋಟರಿ ಅಂದ್ರೆ ನಮಗೆ ನೆನಪಾಗೋದು ಇಷ್ಟೇ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ನಾಲ್ಕು ಜನ ಮೊದಲ ಸಲ ಸೇರಿದಾಗ ಮಾತ್ರ ಸೇವೆಯ ಸುದ್ದಿಯೇ ಇರಲಿಲ್ಲ. ಅವರನ್ನು ಕೂಡಿಸಿದ ವಕೀಲ ಪಾಲ್ ಹ್ಯಾರಿಸ್ ಬೆಳೆದದ್ದು ವರ್ಮಾಂಟ್‌ನ ಪುಟ್ಟ ಊರಿನಲ್ಲಿ, ಅಜ್ಜ-ಅಜ್ಜಿ ಮನೆಯಲ್ಲಿ. ಶಹರದಲ್ಲಿ ಕಕ್ಷಿದಾರರು ಸಿಕ್ಕರು, ಸ್ನೇಹಿತರು ಸಿಗಲಿಲ್ಲ. ಪಿ.ಜಿ.ಯಲ್ಲಿ ಭಾನುವಾರ ಕಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದರು, ಅದಕ್ಕೇ 'ರೋಟರಿ' ಅನ್ನೋ ಹೆಸರು. ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸೋದೂ ಒಳಗಿನ ಉದ್ದೇಶವೇ.

ಊರಿಗೆ ಉಪಕಾರ ಮಾಡದಿದ್ದರೆ ಇಂಥ ಕ್ಲಬ್ಬು ಉಳಿಯಲ್ಲ ಅಂತ ಪಟ್ಟು ಹಿಡಿದವನು ಡೊನಾಲ್ಡ್ ಕಾರ್ಟರ್ ಅನ್ನೋ ಪೇಟೆಂಟ್ ವಕೀಲ. 1907ರಲ್ಲಿ ಅವರು ಕೈಗೆತ್ತಿಕೊಂಡದ್ದು ಸಾರ್ವಜನಿಕ ಶೌಚಾಲಯ. ಇದಕ್ಕೂ ವಿರೋಧ! ಅಡ್ಡ ನಿಂತವರು ಬಿಯರ್ ತಯಾರಕರು, ದೊಡ್ಡ ಅಂಗಡಿಗಳವರು. ಗಂಡಸರಿಗೆ ಬಾರುಗಳಲ್ಲಿ, ಹೆಂಗಸರಿಗೆ ಅಂಗಡಿಗಳಲ್ಲಿ ವ್ಯವಸ್ಥೆ ಇದೆಯಲ್ಲ ಅನ್ನೋದು ಅವರ ವಾದ. ಒಳಗೆ ಹೋದವರು ಏನಾದರೂ ಕೊಳ್ಳದೆ ಬರೋದು ಹೇಗೆ? ಬೆಂಗಳೂರಲ್ಲಿ ಬೇಡದ ಕಾಫಿ ಹೇಳಿ 'ವಾಶ್‌ರೂಮ್ ಎಲ್ಲಿ' ಅಂತ ಕೇಳೋ ನಮಗೆ ಆ ಲೆಕ್ಕ ಚೆನ್ನಾಗೇ ಗೊತ್ತು. ಅಂತೂ 1909ರಲ್ಲಿ ಸಿಟಿ ಹಾಲ್ ಹತ್ತಿರ ಅದು ಎದ್ದು ನಿಂತಿತು.

ಆದರೆ ಕ್ಲಬ್ಬಿನ ಬಾಗಿಲು ಹೆಂಗಸರಿಗೆ ಮುಚ್ಚಿಯೇ ಇತ್ತು. ಮೂವರು ಹೆಂಗಸರನ್ನು ಸೇರಿಸಿಕೊಂಡದ್ದಕ್ಕೆ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬನ್ನೇ ಸಂಸ್ಥೆ ಹೊರಹಾಕಿತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1987ರಲ್ಲಿ ಡುವಾರ್ಟೆಯವರೇ ಗೆದ್ದರು. ಎಲ್ಲ ದೇಶಗಳಿಗೂ ಅನ್ವಯಿಸೋ ಹಾಗೆ ಸಂಸ್ಥೆ ತನ್ನ ನಿಯಮ ತಿದ್ದಿದ್ದು 1989ರಲ್ಲಿ.